ನಾಟಕದ ಸಾಲನ್ನೇ ಹೆಸರಾಗಿ ಇಡಬಹುದಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ:

ನನ್ನ ಮೊದಲ ಕಾದಂಬರಿ ಬರೆದು ಮುಗಿದಿದೆ. ಅಪ್ಪ ಸತ್ತ ಮೇಲೆ ಅಧಿಕಾರಕ್ಕಾಗಿ ಕಿತ್ತಾಡುವ ಅಣ್ಣ ತಮ್ಮಂದಿರ ಕಥೆ. ಷೇಕ್ಸ್‌ಪಿಯರ್ ನಾಟಕದ ಒಂದು ಸಾಲನ್ನು ಹೆಸರಾಗಿ ಇಡಬೇಕು ಅಂತ ತುಂಬಾ ಆಸೆ ಇದೆ. ಮನಸ್ಸಿನಲ್ಲಿರುವುದು ‘ಮೂರನೇ ರಿಚರ್ಡ್’ ನಾಟಕದ ಮೊದಲ ಸಾಲು, ‘ನಮ್ಮ ಅತೃಪ್ತಿಯ ಚಳಿಗಾಲ’ ಅನ್ನುವುದು. ಒಬ್ಬ ಗೆಳೆಯ ‘ಅದು ಸವೆದು ಹೋಗಿದೆ, ಬೇಡ’ ಅಂದ. ಇನ್ನೊಬ್ಬಳು ‘ಓದುಗರಿಗೆ ತಲೆಬುಡ ಗೊತ್ತಾಗುವುದಿಲ್ಲ’ ಅಂದಳು. ನಾಟಕದ ಯಾವ ಸಾಲು ಹೆಸರಾಗಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಪಾಠ ಮಾಡಿದವರು, ನಾಟಕ ಆಡಿಸಿದವರು, ಪುಸ್ತಕ ತಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಾಲೇಜಿನಲ್ಲಿ ನಾಟಕ ಪಾಠ ಮಾಡುವವರು:

ಖಂಡಿತ ಇಡಿ. ಆದರೆ ಮೊದಲು ಆ ಸಾಲು ಬರುವ ದೃಶ್ಯವನ್ನು ಪೂರ್ತಿ ಓದಿ. ಸುಭಾಷಿತದ ಹಾಗೆ ಎಲ್ಲೋ ಅಚ್ಚಾದ ಸಾಲನ್ನು ಸುಮ್ನೆ ಎತ್ತಿಕೊಳ್ಳಬೇಡಿ. ಆ ಮಾತು ಯಾರದು, ಯಾರ ಎದುರಿಗೆ, ಯಾವ ಹೊತ್ತಿನಲ್ಲಿ ಬಂತು? ಹೆಸರಿಗೆ ಬಲ ಬರುವುದು ಅಲ್ಲಿಂದ.

‘ಮ್ಯಾಕ್‌ಬೆತ್’ನ ಐದನೇ ಅಂಕದ ಐದನೇ ದೃಶ್ಯ ತೆಗೆದುಕೊಳ್ಳಿ. ಒಳಗಿನಿಂದ ಹೆಂಗಸರ ಅಳು ಕೇಳಿಸುತ್ತದೆ. ಸೇಟನ್ ಬಂದು ರಾಣಿ ತೀರಿಹೋದಳು ಅನ್ನುತ್ತಾನೆ. ಆಗ ಮ್ಯಾಕ್‌ಬೆತ್ ಆಡುವ ಮಾತು ಬರೀ ಹತ್ತು ಹನ್ನೆರಡು ಸಾಲು. ನಾಳೆ, ನಾಳೆ, ನಾಳೆ ಅಂತ ದಿನಗಳು ತೆವಳುತ್ತವೆ. ನಮ್ಮ ನಿನ್ನೆಗಳೆಲ್ಲ ಮೂರ್ಖರಿಗೆ ಸಾವಿನ ದಾರಿಗೆ ಬೆಳಕು ಹಿಡಿದವು. ಆರಿಹೋಗು, ಪುಟ್ಟ ದೀಪವೇ. ಬದುಕು ಅಂದರೆ ಒಬ್ಬ ಮಂಕ ಹೇಳಿದ ಕಥೆ, ತುಂಬಾ ಸದ್ದು, ತುಂಬಾ ಆವೇಶ, ಅರ್ಥ ಮಾತ್ರ ಇಲ್ಲ.

ಇಷ್ಟರಲ್ಲೇ ಎಷ್ಟು ಹೆಸರು ಹುಟ್ಟಿವೆ ನೋಡಿ. ರಾಬರ್ಟ್ ಫ್ರಾಸ್ಟ್ 1916ರ ಕವನಕ್ಕೆ ‘ಔಟ್, ಔಟ್’ ಅಂತ ಇಟ್ಟ. ಫಾಕ್ನರ್ 1929ರಲ್ಲಿ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ ತಂದ. ಆಲ್ಡಸ್ ಹಕ್ಸ್‌ಲಿ 1930ರ ಕಥಾಸಂಕಲನಕ್ಕೆ ‘ಬ್ರೀಫ್ ಕ್ಯಾಂಡಲ್ಸ್’ ಅಂದ. ಇಟಲಿಯ ನತಾಲಿಯಾ ಗಿನ್ಸ್‌ಬರ್ಗ್ 1952ರಲ್ಲಿ ತನ್ನ ಕಾದಂಬರಿಗೆ ‘ನಮ್ಮೆಲ್ಲ ನಿನ್ನೆಗಳು’ ಅನ್ನುವ ಹೆಸರಿಟ್ಟಳು. 2022ರಲ್ಲಿ ಗೇಬ್ರಿಯೆಲ್ ಜೆವಿನ್ ‘ಟುಮಾರೋ’ವನ್ನು ಮೂರು ಸಲವೂ ಹಾಗೇ ಉಳಿಸಿಕೊಂಡಳು.

ಇವರು ಯಾರೂ ಪ್ರಸಿದ್ಧ ಸಾಲು ಅನ್ನುವ ಕಾರಣಕ್ಕಷ್ಟೇ ಕೈ ಹಾಕಿದವರಲ್ಲ. ಫ್ರಾಸ್ಟ್ ಕವನದಲ್ಲಿ ಗರಗಸದ ಯಂತ್ರಕ್ಕೆ ಕೈ ಸಿಕ್ಕಿ ಒಬ್ಬ ಹುಡುಗ ಸಾಯುತ್ತಾನೆ. ಉಳಿದವರು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಾರೆ. ದೀಪ ಆರಿದ್ದು ಕಣ್ಣಿಗೆ ಕಟ್ಟುತ್ತದೆ. ಫಾಕ್ನರ್ ಕಾದಂಬರಿಯ ಮೊದಲ ಭಾಗವನ್ನು ಹೇಳುವವನು ಬುದ್ಧಿ ಬೆಳೆಯದ ಬೆಂಜಿ. ಹೆಸರಿನಲ್ಲಿರುವುದು ಸದ್ದು ಮತ್ತು ಆವೇಶ ಮಾತ್ರ. ಆದರೆ ‘ಮಂಕ ಹೇಳಿದ ಕಥೆ’ ಅನ್ನುವ ಪಕ್ಕದ ತುಂಡು ಪುಸ್ತಕದ ಒಳಗೇ ಕೂತಿದೆ. ಕೈಬಿಟ್ಟ ಮಾತು ಕೂಡ ಕೆಲಸ ಮಾಡುತ್ತದೆ. ಇದು ನನಗೆ ತುಂಬಾ ಇಷ್ಟ.

ಜೆವಿನ್ ಮಾಡಿದ್ದು ಪೂರಾ ಉಲ್ಟಾ. ಆಕೆಯ ಕಾದಂಬರಿಯಲ್ಲಿರುವವರು ವಿಡಿಯೊ ಗೇಮ್ ಮಾಡುವವರು. ಗೇಮ್‌ನಲ್ಲಿ ಸತ್ತರೆ ಮತ್ತೆ ಶುರು ಮಾಡಬಹುದು. ಹಾಗಾಗಿ ಮ್ಯಾಕ್‌ಬೆತ್‌ಗೆ ಹತಾಶೆಯಾಗಿದ್ದ ‘ನಾಳೆ’ ಅವರಿಗೆ ಇನ್ನೊಂದು ಅವಕಾಶ ಆಗುತ್ತದೆ. ಸಾಲಿನ ಜೊತೆ ಹೀಗೆ ವಾದಕ್ಕೆ ಇಳಿಯುವ ಹೆಸರುಗಳೇ ಜಾಸ್ತಿ ದಿನ ಬಾಳುತ್ತವೆ ಅಂತ ನನ್ನ ನಂಬಿಕೆ.

ತರಗತಿಯಲ್ಲೂ ಇದನ್ನು ನೋಡಿದ್ದೇನೆ. ‘ಜೂಲಿಯಸ್ ಸೀಸರ್’ ಪಾಠ ನಡೆಯುವಾಗ ಮೊದಲ ಅಂಕದ ಎರಡನೇ ದೃಶ್ಯ ಬಂತು ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ತಪ್ಪು ನಮ್ಮ ನಕ್ಷತ್ರಗಳದ್ದಲ್ಲ, ನಮ್ಮದೇ ಅಂತ ಕ್ಯಾಸಿಯಸ್ ಬ್ರೂಟಸ್‌ಗೆ ಹೇಳುವ ಜಾಗ ಅದು. ಮಕ್ಕಳು ಆಗಲೇ ಜಾನ್ ಗ್ರೀನ್‌ನ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಓದಿರುತ್ತಾರೆ, 2012ರ ಪುಸ್ತಕ. ಅದರೊಳಗೆ ಬರುವ ಒಂದು ಪತ್ರ, ಕ್ಯಾಸಿಯಸ್‌ನ ಬಾಯಲ್ಲಿ ಈ ಮಾತು ಆಡಿಸಿ ಷೇಕ್ಸ್‌ಪಿಯರ್ ತಪ್ಪು ಮಾಡಿದ ಅಂತ ನೇರವಾಗಿ ಹೇಳುತ್ತದೆ. ಚಿಕ್ಕ ವಯಸ್ಸಿಗೆ ಕ್ಯಾನ್ಸರ್ ಬಂದ ಹುಡುಗಿಯದು ಏನು ತಪ್ಪು? ಒಂದು ಹುಡುಗಿ ನನ್ನ ತರಗತಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದಳು. ಆ ದಿನ ಪಾಠ ಮುಂದೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ.

ನಿಮ್ಮ ಸಾಲಿನ ಬಗ್ಗೆ ಒಂದು ಮಾತು. ರಿಚರ್ಡ್ ಚಳಿಗಾಲ ಬಂತು ಅನ್ನುತ್ತಿಲ್ಲ. ಮುಂದಿನ ಸಾಲು ಸೇರಿಸಿ ಓದಿ. ಯಾರ್ಕ್ ಮನೆತನದ ಸೂರ್ಯನಿಂದಾಗಿ ಚಳಿಗಾಲ ಹೋಗಿ ಬೇಸಿಗೆ ಆಯಿತು ಅನ್ನುತ್ತಿದ್ದಾನೆ. ಆ ಸೂರ್ಯ ಅವನ ಅಣ್ಣ ಎಡ್ವರ್ಡ್. ಹೊಗಳುವ ಬಾಯಲ್ಲೇ ಹೊಟ್ಟೆಕಿಚ್ಚು. ಅಣ್ಣ ತಮ್ಮಂದಿರ ಕಥೆಗೆ ಇದು ಹೊಂದುತ್ತದೆ, ಅನುಮಾನವಿಲ್ಲ.

ಪ್ರಕಾಶನದಲ್ಲಿ ಸಂಪಾದಕರಾಗಿರುವವರು:

ಹೊಂದುತ್ತದೆ, ಸರಿ. ಆದರೆ ಆ ತುಂಡನ್ನು ಸ್ಟೈನ್‌ಬೆಕ್ 1961ರಲ್ಲೇ ಕಾದಂಬರಿಗೆ ಇಟ್ಟಾಗಿದೆ. 1978–79ರ ಚಳಿಗಾಲದಲ್ಲಿ ಬ್ರಿಟನ್ನಿನಲ್ಲಿ ಮುಷ್ಕರದ ಮೇಲೆ ಮುಷ್ಕರ ನಡೆದಾಗ ಪತ್ರಿಕೆಗಳೂ ಅದನ್ನೇ ಎತ್ತಿಕೊಂಡವು. ಅಲ್ಲಿಂದಾಚೆ ಅದು ಒಂದು ರಾಜಕೀಯ ಘಟನೆಯ ಹೆಸರೂ ಆಯಿತು. ಈಗ ಯಾರಾದರೂ ಹುಡುಕಿದರೆ ಮೊದಲು ಇವೆರಡು ಸಿಗುತ್ತವೆ. ನಿಮ್ಮ ಮೊದಲ ಪುಸ್ತಕ ಇವುಗಳ ಕೆಳಗೆ ಹೂತುಹೋಗುತ್ತದೆ. ಇದು ಸಣ್ಣ ವಿಷಯ ಅಲ್ಲ.

ಕಾನೂನಿನ ಭಯ ಬೇಡ. ಬರೀ ಹೆಸರಿಗೆ ಬಹುತೇಕ ದೇಶಗಳಲ್ಲಿ ಕಾಪಿರೈಟ್ ಇಲ್ಲ. ಷೇಕ್ಸ್‌ಪಿಯರ್ ನಾಟಕಗಳು ಎಲ್ಲರ ಸೊತ್ತು. ಇತ್ತೀಚಿನ ನಾಟಕಕಾರರ ಸಾಲಾದರೆ ಒಂದು ಮಾತು ಕೇಳಿಯೇ ಮುಂದುವರಿಯಿರಿ. ನಾನು ಕೆಲಸ ಮಾಡಿದ ಪುಸ್ತಕಗಳಿಗೆಲ್ಲ ಹಾಗೇ ಮಾಡಿದ್ದೇವೆ. ಯಾರೂ ಬೇಡ ಅಂದಿಲ್ಲ, ಖುಷಿಯನ್ನೇ ಪಟ್ಟಿದ್ದಾರೆ.

ಹೆಸರು ಡಿಕ್ಕಿ ಹೊಡೆದಾಗ ಏನು ಮಾಡಬಹುದು ಅನ್ನುವುದಕ್ಕೆ ಅಗಾಥಾ ಕ್ರಿಸ್ಟಿಯ ಕಥೆ ಚೆನ್ನಾಗಿದೆ. 1947ರಲ್ಲಿ ಆಕೆ ರೇಡಿಯೊಗೆ ‘ತ್ರೀ ಬ್ಲೈಂಡ್ ಮೈಸ್’ ಅಂತ ಒಂದು ನಾಟಕ ಬರೆದಿದ್ದಳು. ಅದನ್ನು ರಂಗಕ್ಕೆ ತರುವಾಗ ತೊಡಕಾಯಿತು. ಅದೇ ಹೆಸರಿನ ಬೇರೊಂದು ನಾಟಕ ಯುದ್ಧಕ್ಕೆ ಮೊದಲೇ ಆಡಿತ್ತು. ಆಗ ಅಳಿಯ ಆಂಟನಿ ಹಿಕ್ಸ್ ಸೂಚಿಸಿದ ಹೆಸರು ‘ದಿ ಮೌಸ್‌ಟ್ರ್ಯಾಪ್’. ಇಲಿಗಳೂ ಉಳಿದವು, ‘ಹ್ಯಾಮ್ಲೆಟ್’ ಕೂಡ ಸಿಕ್ಕಿತು! ಚಿಕ್ಕಪ್ಪನ ಪಾಪವನ್ನು ಬಯಲಿಗೆ ಎಳೆಯಲು ಹ್ಯಾಮ್ಲೆಟ್ ಅರಮನೆಯಲ್ಲಿ ಒಂದು ನಾಟಕ ಆಡಿಸುತ್ತಾನಲ್ಲ, ಅದರ ಹೆಸರೇನು ಅಂತ ರಾಜ ಕೇಳಿದಾಗ ಅವನು ಕೊಡುವ ಉತ್ತರ ಇದೇ. ಕೊಲೆಗಾರನನ್ನು ಬೋನಿಗೆ ಬೀಳಿಸುವ ನಾಟಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕಾ? 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರದರ್ಶನ 2020ರಲ್ಲಿ ಕೋವಿಡ್ ಬರುವ ತನಕ ನಿಂತೇ ಇರಲಿಲ್ಲ. ನೋಡಲು ಬಂದವರಲ್ಲಿ ಎಷ್ಟೋ ಮಂದಿಗೆ ಹ್ಯಾಮ್ಲೆಟ್ ನೆನಪಾಗದೇ ಇರಬಹುದು. ಹೆಸರು ಅವರಿಗೂ ಅರ್ಥವಾಗುತ್ತದೆ. ನಿಮ್ಮ ಗೆಳತಿ ಎತ್ತಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಮೂಲ ಗೊತ್ತಿಲ್ಲದವರಿಗೂ ಹೆಸರು ಏನಾದರೂ ಹೇಳಬೇಕು.

ಗ್ರಂಥಾಲಯದಲ್ಲಿ ಕೆಲಸ ಮಾಡುವವರು:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ‘ಮ್ಯಾಕ್‌ಬೆತ್’ನಲ್ಲಿ ಎರಡನೇ ಮಾಟಗಾತಿ ಒಂದರ ಹಿಂದೆ ಒಂದು ಎರಡು ಸಾಲು ಹೇಳುತ್ತಾಳೆ. ನನ್ನ ಹೆಬ್ಬೆರಳು ಚುಚ್ಚುತ್ತಿದೆ, ಏನೋ ಕೆಟ್ಟದ್ದು ಇತ್ತ ಬರುತ್ತಿದೆ ಅಂತ. ಎರಡನೇ ಸಾಲನ್ನು ರೇ ಬ್ರ್ಯಾಡ್‌ಬರಿ 1962ರಲ್ಲಿ ತೆಗೆದುಕೊಂಡ, ‘ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್’. ಮೊದಲ ಸಾಲು 1968ರಲ್ಲಿ ಕ್ರಿಸ್ಟಿಯ ಪಾಲಾಯಿತು, ‘ಬೈ ದ ಪ್ರಿಕಿಂಗ್ ಆಫ್ ಮೈ ಥಂಬ್ಸ್’. ಒಂದರಲ್ಲಿ ಸಣ್ಣ ಊರಿಗೆ ಕತ್ತಲಲ್ಲಿ ಬಂದಿಳಿಯುವ ಒಂದು ಕಾರ್ನಿವಲ್. ಇನ್ನೊಂದರಲ್ಲಿ ಏನೋ ಸರಿಯಿಲ್ಲ ಅಂತ ಮನಸ್ಸಿಗೆ ಹತ್ತಿ ಬೆನ್ನು ಬೀಳುವ ಟಪೆನ್ಸ್. ಒಬ್ಬರಿಗೆ ಬರುವ ಕೇಡು ಬೇಕಿತ್ತು, ಇನ್ನೊಬ್ಬರಿಗೆ ಅದರ ಸುಳಿವು ಬೇಕಿತ್ತು. ಇಬ್ಬರೂ ಸರಿಯಾದ ಅರ್ಧವನ್ನೇ ಆರಿಸಿದ್ದಾರೆ.

ಈ ಎರಡನ್ನೂ ನಾನು ಆಗಾಗ ಒಟ್ಟಿಗೆ ಇಟ್ಟು ತೋರಿಸುತ್ತೇನೆ, ಪಕ್ಕದಲ್ಲಿ ನಾಟಕ. ಮೂರನ್ನೂ ಎತ್ತಿಕೊಂಡು ಹೋದವರಿದ್ದಾರೆ. ನಾಟಕ ಓದಿ ವಾಪಸ್ ಕೊಡುವಾಗ, ಆಗ ಬಾಗಿಲು ತಟ್ಟಿ ಒಳಗೆ ಬರುವವನು ಮ್ಯಾಕ್‌ಬೆತ್ತೇ ಅಲ್ವಾ, ಮಾಟಗಾತಿಯರಿಗೇ ಅವನು ಕೆಟ್ಟವನಾಗಿ ಕಂಡನಲ್ಲ ಅಂತ ಬೆರಗಾಗಿ ಹೇಳಿದವರೂ ಇದ್ದಾರೆ. ಒಂದು ಹೆಸರು ಹಳೆಯ ನಾಟಕಕ್ಕೆ ಹೊಸ ಓದುಗರನ್ನು ಕರೆತರುವುದನ್ನು ನೋಡಿದವರು ‘ಸವಕಲು’ ಅನ್ನುವುದಿಲ್ಲ.

ಓದುವ ಹವ್ಯಾಸ ಇರುವ ಒಬ್ಬರು:

ನನಗೆ ಸ್ವಲ್ಪ ಬೇರೆ ಅಭಿಪ್ರಾಯವಿದೆ. ಹೆಸರಾದ ಮೇಲೆ ಸಾಲು ನಾಟಕದ ಕೈ ತಪ್ಪಿ ಹೋಗುತ್ತದೆ. ‘ಬ್ರೇವ್ ನ್ಯೂ ವರ್ಲ್ಡ್’ ಅಂದರೆ ಇವತ್ತು ಎಲ್ಲರಿಗೂ ನೆನಪಾಗುವುದು ಹಕ್ಸ್‌ಲಿಯ 1932ರ ಕಾದಂಬರಿ. ‘ಟೆಂಪೆಸ್ಟ್’ನ ಮಿರಾಂಡಾ ಹಿಂದೆ ಸರಿದಿದ್ದಾಳೆ. ದ್ವೀಪದಲ್ಲಿ ಬೆಳೆದ ಹುಡುಗಿ ಒಮ್ಮೆಲೇ ಅಷ್ಟು ಜನರನ್ನು ನೋಡಿ ಖುಷಿಯಿಂದ ಆಡಿದ ಮಾತದು. ನಿನಗೆ ಮಾತ್ರ ಹೊಸದು ಅಂತ ಅಪ್ಪ ಪ್ರಾಸ್ಪೆರೊ ತಣ್ಣಗೆ ಹೇಳುತ್ತಾನೆ. ಹಕ್ಸ್‌ಲಿ ಆ ತಣ್ಣನೆಯ ಉತ್ತರವನ್ನೇ ಇಡೀ ಕಾದಂಬರಿ ಮಾಡಿದ. ಅದು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೂ ಮಿರಾಂಡಾಳ ಸಂತೋಷ ನಮಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರುತ್ತದೆ. ಸಾಲನ್ನು ತೆಗೆದುಕೊಳ್ಳುವವರು ಅದರ ಮೊದಲ ಒಡೆಯರನ್ನು ಪುಸ್ತಕದೊಳಗೆ ಒಮ್ಮೆಯಾದರೂ ನೆನೆಯಲಿ.

ಹವ್ಯಾಸಿ ರಂಗತಂಡದ ನಿರ್ದೇಶಕಿ:

ಎಲ್ಲರ ಮಾತೂ ಓದಿದೆ. ನನ್ನ ಸಲಹೆ ಬೇರೆ. ಪ್ರಸಿದ್ಧ ಸಾಲು ಬಿಡಿ, ಯಾರೂ ಗಮನಿಸದ ಸಾಲು ಹುಡುಕಿ.

‘ಹ್ಯಾಮ್ಲೆಟ್’ನ ಕಟ್ಟಕಡೆಯಲ್ಲಿ ವೇದಿಕೆ ತುಂಬಾ ಹೆಣಗಳು. ಇಂಗ್ಲೆಂಡಿನ ರಾಯಭಾರಿ ಬಂದು ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್ ಸತ್ತರು ಅಂತ ವರದಿ ಒಪ್ಪಿಸುತ್ತಾನೆ. ಕೇಳಬೇಕಾದ ರಾಜನೇ ಸತ್ತು ಬಿದ್ದಿದ್ದಾನೆ. ಎಷ್ಟೋ ಪ್ರಯೋಗಗಳಲ್ಲಿ ಆ ಸಾಲನ್ನು ಕತ್ತರಿಸಿಯೇ ಬಿಡುತ್ತಾರೆ. ಟಾಮ್ ಸ್ಟಾಪರ್ಡ್ 1966ರಲ್ಲಿ ಅದನ್ನೇ ಹೆಸರು ಮಾಡಿ, ಆ ಇಬ್ಬರನ್ನೇ ನಾಯಕರಾಗಿಸಿ ಒಂದು ನಾಟಕ ಬರೆದ. ಹೆಸರು ನೋಡಿದ ಕೂಡಲೇ ಪ್ರೇಕ್ಷಕರಿಗೆ ಅವರ ಗತಿ ಗೊತ್ತು. ಅವರಿಬ್ಬರಿಗೆ ಗೊತ್ತಿಲ್ಲ. ಎರಡೂವರೆ ಗಂಟೆ ಆ ಸಂಕಟದಲ್ಲೇ ಕೂತಿರುತ್ತೇವೆ.

ನಬೊಕೊವ್‌ನ 1962ರ ‘ಪೇಲ್ ಫೈರ್’ ಕೂಡ ಹೀಗೇ. ‘ಟೈಮನ್ ಆಫ್ ಅಥೆನ್ಸ್’ ಅಷ್ಟಾಗಿ ಯಾರೂ ಆಡದ ನಾಟಕ. ಅದರಲ್ಲಿ ಟೈಮನ್, ಚಂದ್ರ ಕಳ್ಳ, ತನ್ನ ಮಂಕು ಬೆಳಕನ್ನು ಸೂರ್ಯನಿಂದ ಕದ್ದವನು ಅನ್ನುತ್ತಾನೆ. ಇನ್ನೊಬ್ಬರ ಕವನವನ್ನು ವ್ಯಾಖ್ಯಾನದ ನೆಪದಲ್ಲಿ ತನ್ನದಾಗಿಸಿಕೊಳ್ಳುವ ಮನುಷ್ಯನ ಕಥೆಗೆ ಕಳ್ಳತನದ ಸಾಲೇ ಹೆಸರು. ಆ ವ್ಯಾಖ್ಯಾನಕಾರನ ಹತ್ತಿರ ಅದೇ ನಾಟಕದ ಪ್ರತಿ ಇರುತ್ತದೆ. ಆದರೂ ಹೆಸರು ಎಲ್ಲಿಂದ ಬಂತು ಅಂತ ಅವನಿಗೆ ಹೊಳೆಯುವುದಿಲ್ಲ.

ಪ್ರಸಿದ್ಧ ಸಾಲೇ ಬೇಕು ಅಂದರೆ ಅದಕ್ಕೆ ಕಥೆಯೊಳಗೆ ಕೆಲಸ ಕೊಡಿ. 1942ರಲ್ಲಿ ಅರ್ನ್ಸ್ಟ್ ಲುಬಿಷ್ ‘ಟು ಬಿ ಆರ್ ನಾಟ್ ಟು ಬಿ’ ಅಂತ ಸಿನಿಮಾ ಮಾಡಿದ. ವಾರ್ಸಾದ ನಟನೊಬ್ಬ ಹ್ಯಾಮ್ಲೆಟ್ ಪಾತ್ರದಲ್ಲಿ ಆ ಸಾಲು ಶುರು ಮಾಡಿದ ಕೂಡಲೇ ಎರಡನೇ ಸಾಲಿನಲ್ಲಿ ಕೂತ ಯುವ ಪೈಲಟ್ ಎದ್ದು ಹೊರಗೆ ಹೋಗುತ್ತಾನೆ. ಅದು ನಟನ ಹೆಂಡತಿ ಅವನಿಗೆ ಕೊಟ್ಟ ಗುರುತು. ಸ್ವಗತ ಉದ್ದ, ಗಂಡ ಅಷ್ಟು ಹೊತ್ತು ವೇದಿಕೆ ಬಿಟ್ಟು ಬರುವಂತಿಲ್ಲ. ಅಷ್ಟು ಸವೆದ ಸಾಲು ಆ ಚಿತ್ರದಲ್ಲಿ ಕಥೆಯನ್ನೇ ತಳ್ಳುತ್ತದೆ.

ಈಗ ನಿಮ್ಮ ಕಾದಂಬರಿಗೆ ಬರುತ್ತೇನೆ. ‘ಮೂರನೇ ರಿಚರ್ಡ್’ ಬಿಡಬೇಡಿ. ಮೊದಲ ಅಂಕದ ನಾಲ್ಕನೇ ದೃಶ್ಯಕ್ಕೆ ಹೋಗಿ. ನಾವು ಅದನ್ನು ತಾಲೀಮಿನಲ್ಲಿ ಓದುವಾಗ ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಸೆರೆಮನೆಯಲ್ಲಿರುವ ಅಣ್ಣ ಕ್ಲಾರೆನ್ಸ್ ರಾತ್ರಿ ಕಂಡ ಕನಸು ಹೇಳುತ್ತಾನೆ. ಹಡಗಿನ ಮೇಲೆ ತಮ್ಮ ರಿಚರ್ಡ್ ಜೊತೆ ನಡೆಯುತ್ತಿದ್ದೆ. ಅವನು ಎಡವಿದ. ಹಿಡಿಯಲು ಹೋದ ನನ್ನನ್ನೇ ಸಮುದ್ರಕ್ಕೆ ಕೆಡವಿದ. ಕೆಳಗೆ ಒಡೆದ ಹಡಗುಗಳು, ಬಂಗಾರದ ಗಟ್ಟಿಗಳು, ಮುತ್ತಿನ ರಾಶಿ, ಮೀನು ತಿಂದ ಹೆಣಗಳು. ತಲೆಬುರುಡೆಗಳಲ್ಲಿ ಕಣ್ಣಿದ್ದ ಜಾಗದಲ್ಲಿ ರತ್ನಗಳು ಸಿಕ್ಕಿಕೊಂಡು ಹೊಳೆಯುತ್ತಿದ್ದವು. ಕನಸಿನಲ್ಲೂ ತಮ್ಮ ತಳ್ಳಿದ ಅಂತ ಅವನಿಗೆ ಅನಿಸುವುದಿಲ್ಲ, ಎಡವಿದ ಅಂತಲೇ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಕೊಲೆಗಾರರು ಬರುತ್ತಾರೆ. ಆಗಲೂ ಅವನು, ರಿಚರ್ಡ್‌ಗೆ ನನ್ನ ಮೇಲೆ ಪ್ರೀತಿ ಇದೆ, ಅವನ ಹತ್ತಿರ ಹೋಗಿ ಅನ್ನುತ್ತಾನೆ. ಅವರನ್ನು ಕಳಿಸಿದವನು ಅದೇ ರಿಚರ್ಡ್.

ಅಧಿಕಾರ, ಆಸ್ತಿ, ಅಣ್ಣ ತಮ್ಮಂದಿರ ನಂಬಿಕೆ ಎಲ್ಲ ಆ ಒಂದು ದೃಶ್ಯದಲ್ಲಿದೆ. ಜೋರಾಗಿ ಓದಿ. ನಾಲಿಗೆಗೆ ಸಿಕ್ಕುವ ಎರಡು ಮೂರು ಪದಗಳ ತುಣುಕುಗಳನ್ನು ಗುರುತು ಹಾಕಿ ಇಲ್ಲಿ ಬರೆಯಿರಿ. ಉದ್ದ ಸಾಲು ಬೇಡ, ಪುಸ್ತಕದ ಬೆನ್ನಿನ ಮೇಲೆ ಹಿಡಿಸುವುದಿಲ್ಲ. ಎಲ್ಲರೂ ಸೇರಿ ನೋಡೋಣ.