ಗ್ರೂಪಿನಲ್ಲಿ ಯಾರೂ ಓದದ ಮೆಸೇಜು

ಹೋದ ಭಾನುವಾರ ಒಂದೇ ಬೆಳಗ್ಗೆ ನಮ್ಮ ಮನೆ ಬಳಗದ ಗ್ರೂಪಿನಲ್ಲಿ ನೂರಕ್ಕೂ ಜಾಸ್ತಿ ಮೆಸೇಜು ಬಂದವು. ಅದರಲ್ಲಿ ಎಲ್ಲರೂ ಓದಲೇಬೇಕಾದದ್ದು ಒಂದಿತ್ತು. ಅದನ್ನೇ ಯಾರೂ ಓದಲಿಲ್ಲ. ನನಗೆ ತಡೆಯಲಾಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಹೊಸನಗರದ ಭಾವನಿಂದ. ಬೆಳಗ್ಗೆ ಏಳಕ್ಕೆ ಒಂದು ಫಾರ್ವರ್ಡ್ ಹಾಕಿದರು. ಕೋಟು ತೊಟ್ಟವರೊಬ್ಬರ ಫೋಟೊ, ಕೆಳಗೆ ಉದ್ದನೆಯ ಬರಹ. ನಮ್ಮ ದೇಶದ ಎಂಜಿನಿಯರ್ ಒಬ್ಬರು ಕೆನಡಾಕ್ಕೆ ಹೋದರಂತೆ. ಕೆಲಸ ಸಿಗದೆ ಟ್ಯಾಕ್ಸಿ ಓಡಿಸಿದರಂತೆ. ಆಮೇಲೆ ಸ್ವಂತ ಕಂಪನಿ ಕಟ್ಟಿ, ಹೊಸದಾಗಿ ಬಂದವರಿಗೆ ಓದಿಗೆ ತಕ್ಕ ಕೆಲಸ ಹಿಡಿಯಲು ದಾರಿ ತೋರಿಸುತ್ತಿದ್ದಾರಂತೆ. ಹೆಸರಿಲ್ಲ, ಊರಿಲ್ಲ.

ಹೊಸನಗರ ಭಾವ: ನೋಡಿ, ಕೆನಡಾಕ್ಕೆ ಹೋದವರ ಗತಿ. ಟ್ಯಾಕ್ಸಿ.

ಬರಹದ ಮುಕ್ಕಾಲು ಭಾಗ ಟ್ಯಾಕ್ಸಿಯ ನಂತರದ ಬದುಕಿನ ಬಗ್ಗೆ ಇತ್ತು. ಭಾವನಿಗೆ ಬೇಕಾದದ್ದು ಮೊದಲ ನಾಲ್ಕು ಸಾಲಿನಲ್ಲೇ ಸಿಕ್ಕಿತ್ತು. ಅವರ ಮಗಳಿಗೂ ಹೊರದೇಶಕ್ಕೆ ಹೋಗುವ ಆಸೆ ಇದೆ. ಕಳಿಸುವುದೋ ಬೇಡವೋ ಅಂತ ಮನೆಯಲ್ಲಿ ಒಂದು ವರ್ಷದಿಂದ ಮಾತು ನಡೆದಿದೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ.

ಭದ್ರಾವತಿ ದೊಡ್ಡಪ್ಪ: ಇದನ್ನೇ ನಾನು ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಇಲ್ಲಿ ತೋಟ ನೋಡುವವರಿಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಜನ ಸಿಗುವುದಿಲ್ಲ. ಎಲೆಚುಕ್ಕಿ ರೋಗ ಬಂದು ಅಡಿಕೆ ಮರಗಳು ಸೊರಗಿ ನಿಂತಿವೆ. ನಮ್ಮ ಮಕ್ಕಳು ಅಲ್ಲಿ ಹೋಗಿ ಬೇರೆಯವರ ಕಾರು ಓಡಿಸಬೇಕಾ? ನಮಗೆ ಇದ್ದುದರಲ್ಲೇ ತೃಪ್ತಿ ಇತ್ತು.

ದೊಡ್ಡಪ್ಪನ ಮೊಮ್ಮಗಳು: ಅಜ್ಜ, ಮಾವ, ಇಬ್ಬರೂ ಒಂದು ನಿಮಿಷ ನಿಲ್ಲಿ. ಇದಕ್ಕೆ ಮೂಲ ಏನು? ಆ ಮನುಷ್ಯನ ಹೆಸರೇನು? ಯಾವ ಊರು?

ಹೊಸನಗರ ಭಾವ: ನಿನಗೆ ದೇವರು ಎದುರಿಗೆ ಬಂದು ನಿಂತರೂ ಆಧಾರ್ ಕಾರ್ಡ್ ಬೇಕು.

ಅವಳು ಇಲ್ಲೇ ಶಿವಮೊಗ್ಗದಲ್ಲಿ ಪಾಠ ಹೇಳುತ್ತಾಳೆ. ಕೇಳಿ ಸುಮ್ಮನಾಗುವ ಹುಡುಗಿಯಲ್ಲ, ಹುಡುಕುತ್ತಾಳೆ. ಹತ್ತು ನಿಮಿಷ ಬಿಟ್ಟು ಬಂದಳು.

ದೊಡ್ಡಪ್ಪನ ಮೊಮ್ಮಗಳು: ಆ ಫೋಟೊ ಯಾವುದೋ ಕೋಟಿನ ಜಾಹೀರಾತಿನದು. ಆದರೆ ಇಂಥ ಕೆಲಸ ಮಾಡಿದವರು ನಿಜವಾಗಿ ಇದ್ದಾರೆ. ನಿಕ್ ನೂರಾನಿ ಅಂತ ಒಬ್ಬರು, ನಮ್ಮ ಮುಂಬೈಯವರು. 1998ರಲ್ಲಿ ವ್ಯಾಂಕೂವರ್‌ಗೆ ಹೋದರು. 2004ರಲ್ಲಿ ವಲಸೆ ಬಂದವರಿಗಾಗಿಯೇ 'ಕೆನಡಿಯನ್ ಇಮಿಗ್ರಂಟ್' ಅನ್ನುವ ಪತ್ರಿಕೆ ಶುರು ಮಾಡಿದರು. ಹಂಚುವುದಾದರೆ ಹೆಸರಿರುವ ಇಂಥವರ ವಿಷಯ ಹಂಚಿ.

ಹೊಸನಗರ ಭಾವ: ಹಾಗಾದರೆ ನಾನು ಹಾಕಿದ್ದು ಸರಿ ಅಂತಾಯ್ತಲ್ಲ.

ದೊಡ್ಡಪ್ಪನ ಮೊಮ್ಮಗಳು: ನೀವು ಹಾಕಿದ ಕತೆ ಇವರದು ಅಂತ ನಾನು ಹೇಳಲೇ ಇಲ್ಲ ಮಾವ.

ಇದು ಹೀಗೇ ಅರ್ಧ ಗಂಟೆ ನಡೆಯಿತು. ಕಳೆದ ಸಲ ಬಿಸಿನೀರು-ನಿಂಬೆಹಣ್ಣಿನ ಫಾರ್ವರ್ಡ್ ಹಾಕಿದ್ದು ಯಾರು, ಅದನ್ನು ಸುಳ್ಳು ಅಂದದ್ದು ಯಾರು, ಅದಕ್ಕೆ ಬೇಜಾರು ಮಾಡಿಕೊಂಡು ಗ್ರೂಪ್ ಬಿಟ್ಟು ಹೋದದ್ದು ಯಾರು, ಎಲ್ಲ ಹೊರಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

8 ಗಂಟೆ 40 ನಿಮಿಷಕ್ಕೆ ಬ್ರ್ಯಾಂಪ್ಟನ್‌ನಿಂದ ನನ್ನ ತಂಗಿಯ ಮಗ ಬರೆದ. ಅದು ಟೊರೊಂಟೊ ಪಕ್ಕದ ಊರು. ಅಲ್ಲಿ ಆಗ ಶನಿವಾರ ರಾತ್ರಿ. ಹಬ್ಬಕ್ಕೆ ಶುಭಾಶಯ ಹೇಳುವುದು ಬಿಟ್ಟರೆ ಗ್ರೂಪಿನಲ್ಲಿ ಮಾತಾಡದ ಹುಡುಗ. ಅವನ ಮೆಸೇಜನ್ನು ಒಂದಕ್ಷರ ಬಿಡದೆ ಕೊಡುತ್ತೇನೆ.

"ಎಲ್ಲರಿಗೂ ನಮಸ್ಕಾರ. ಆ ಫಾರ್ವರ್ಡ್ ನಿಜವೋ ಸುಳ್ಳೋ ಗೊತ್ತಿಲ್ಲ. ನನ್ನದು ಹೇಳುತ್ತೇನೆ. ನಾನು 2022ರಲ್ಲಿ ಇಲ್ಲಿಗೆ ಬಂದಾಗ 14 ತಿಂಗಳು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಎತ್ತಿದೆ. ಅಮ್ಮನಿಗೆ ಆಫೀಸು ಅಂತ ಹೇಳಿದ್ದೆ. ಕ್ಷಮಿಸಮ್ಮ.

ಬೆಂಗಳೂರಿನಲ್ಲಿ ಆರು ವರ್ಷ ಸಿವಿಲ್ ಎಂಜಿನಿಯರ್ ಆಗಿದ್ದೆ ಅಲ್ವಾ, ಇಲ್ಲಿ ಹಾಗೆ ಹೇಳಿಕೊಳ್ಳುವ ಹಾಗೇ ಇಲ್ಲ. ಒಂಟಾರಿಯೊದಲ್ಲಿ ಲೈಸೆನ್ಸ್ ಇಲ್ಲದವರು ಪ್ರೊಫೆಷನಲ್ ಎಂಜಿನಿಯರ್ ಅಂತ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ನಾನು ಬಂದಾಗ ಆ ಲೈಸೆನ್ಸಿಗೆ ಕೆನಡಾದಲ್ಲೇ 12 ತಿಂಗಳು ಕೆಲಸ ಮಾಡಿರಬೇಕಿತ್ತು. ಕೆಲಸ ಕೇಳಿದರೆ ಇಲ್ಲಿನ ಅನುಭವ ಇದೆಯಾ ಅನ್ನುತ್ತಿದ್ದರು. ಕೆಲಸವನ್ನೇ ಕೊಡದೆ ಅನುಭವ ಎಲ್ಲಿಂದ ತರಲಿ? 2023ರ ಮೇ ತಿಂಗಳಲ್ಲಿ ಲೈಸೆನ್ಸಿನ ಆ ನಿಯಮ ತೆಗೆದರು. 2026ರ ಜನವರಿ 1ರಿಂದ 25ಕ್ಕಿಂತ ಕಡಿಮೆ ಜನ ಇರುವ ಕಂಪನಿ ಬಿಟ್ಟು ಬೇರೆ ಯಾರೂ ಕೆಲಸದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕು ಅಂತ ಹಾಕುವ ಹಾಗಿಲ್ಲ.

ಆದರೆ ನನ್ನನ್ನು ಗೋದಾಮಿನಿಂದ ಎಬ್ಬಿಸಿದ್ದು ಕಾನೂನಲ್ಲ. ಒಬ್ಬ ಹೆಂಗಸು. ಫಿಲಿಪೀನ್ಸ್‌ನಿಂದ ಇಪ್ಪತ್ತು ವರ್ಷದ ಹಿಂದೆ ಬಂದವರು. ಅಲ್ಲಿ ಅಕೌಂಟೆಂಟ್ ಆಗಿದ್ದರು, ಇಲ್ಲಿ ಮೊದಲು ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡರು. ಈಗ ಒಂದು ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯಲ್ಲಿ ಅವರದೇ ಸಣ್ಣ ಕಂಪನಿ. ಕಂಪನಿಗಳಿಗೆ ಜನ ಹುಡುಕಿಕೊಡುತ್ತಾರೆ, ದುಡ್ಡು ಕಂಪನಿಯಿಂದ ತೆಗೆದುಕೊಳ್ಳುತ್ತಾರೆ. ಕೆಲಸ ಕೇಳಿಕೊಂಡು ಬಂದವರಿಂದ ಒಂದು ಡಾಲರೂ ಮುಟ್ಟುವುದಿಲ್ಲ.

ನನ್ನ ಬಯೋಡೇಟಾ ನೋಡಿ ಮೊದಲು ಫೋಟೊ, ಹುಟ್ಟಿದ ದಿನ, ಮದುವೆ ಆಗಿದೆಯಾ ಅನ್ನುವುದು, ಅಪ್ಪನ ಹೆಸರು ಎಲ್ಲ ತೆಗೆಸಿದರು. ಐದು ಪುಟ ಇದ್ದದ್ದು ಎರಡಾಯಿತು. 'ಜವಾಬ್ದಾರಿ ಹೊತ್ತಿದ್ದೆ ಅಂತ ಹತ್ತು ಕಡೆ ಬರೆದಿದ್ದೀಯ, ನೀನು ಕಟ್ಟಿದ್ದೇನು?' ಅಂತ ಕೇಳಿದರು. ಮಳೆನೀರಿನ ಕಾಲುವೆ ಅಂದೆ. ಎಷ್ಟು ಉದ್ದ, ಎಷ್ಟು ನೀರು ಹರಿಯುತ್ತದೆ, ಮೊದಲು ಅಲ್ಲಿ ಯಾವ ಬೀದಿ ಮುಳುಗುತ್ತಿತ್ತು, ಈಗ ಮುಳುಗುತ್ತದಾ ಅಂತ ಒಂದು ಗಂಟೆ ಕೇಳಿದರು. ಅದನ್ನೆಲ್ಲ ಬರೆಸಿದರು. ಆಮೇಲೆ ಮೂರು ಶನಿವಾರ ಅಭ್ಯಾಸಕ್ಕೆ ಅಂತ ಸುಳ್ಳು ಸಂದರ್ಶನ ಮಾಡಿದರು. ನಾನು ತಲೆ ತಗ್ಗಿಸಿ ಮಾತಾಡುತ್ತೇನೆ, ಪ್ರತಿ ಮಾತಿಗೂ ಸರ್ ಅನ್ನುತ್ತೇನೆ, ನಾನು ಮಾಡಿದ್ದನ್ನೂ 'ನಾವು ಮಾಡಿದೆವು' ಅನ್ನುತ್ತೇನೆ ಅಂತ ತೋರಿಸಿಕೊಟ್ಟರು. ನಮ್ಮಲ್ಲಿ ಅದು ವಿನಯ ಅಲ್ವಾ. ಇಲ್ಲಿ ಇವನು ಏನೂ ಮಾಡಿಲ್ಲ ಅಂದುಕೊಳ್ಳುತ್ತಾರೆ.

ಲೈಸೆನ್ಸಿನ ಖರ್ಚಿಗೆ ಸಾಲ ಕೊಡುವ ವಿಂಡ್‌ಮಿಲ್ ಅನ್ನುವ ಸಂಸ್ಥೆ ಇದೆ, 2005ರಲ್ಲಿ ಕ್ಯಾಲ್ಗರಿಯಲ್ಲಿ ಶುರುವಾದದ್ದು. ಅದನ್ನು ತೋರಿಸಿದ್ದೂ ಅವರೇ. ಈಗ ನಾನು ಮಳೆನೀರಿನ ಕೊಳವೆಗಳ ನಕ್ಷೆ ಮಾಡುವ ಕಂಪನಿಯಲ್ಲಿದ್ದೇನೆ. ಲೈಸೆನ್ಸಿನ ಪರೀಕ್ಷೆ ಪಾಸಾಗಿದೆ, ಅನುಭವದ ಲೆಕ್ಕ ಬರೆದು ಕಳಿಸುವುದು ಬಾಕಿ ಇದೆ.

ಮಾವ, ತಂಗಿಯನ್ನು ಕಳಿಸಬೇಡಿ ಅಂತಲೂ ನಾನು ಹೇಳುವುದಿಲ್ಲ, ಕಳಿಸಿ ಅಂತಲೂ ಹೇಳುವುದಿಲ್ಲ. ಅವಳ ಕೆಲಸಕ್ಕೆ ಇಲ್ಲಿ ಲೈಸೆನ್ಸ್ ಬೇಕಾ ಬೇಡವಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಲಿ. ನಾನು ನೋಡಿರಲಿಲ್ಲ. ಫೋನ್ ಮಾಡಲು ಹೇಳಿ."

ಇದು ಬಂದ ಅರ್ಧ ನಿಮಿಷಕ್ಕೆ ತುಮರಿಯ ಅತ್ತೆ ಮಗ ಹದಿನೇಳು ಫೋಟೊ ಹಾಕಿದ. ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿನವು. ಯಾರೋ ವಲಸೆ ಅಂದದ್ದಕ್ಕೆ ಅವನಿಗೆ ಮುಳುಗಡೆ, ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ನಮ್ಮ ಕಡೆಯ ಊರುಗಳು ಮುಳುಗಿದ್ದು, ನೆನಪಾಯಿತಂತೆ, ಮುಳುಗಡೆಯಿಂದ ಲಾಂಚು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಅವನಿಗೆ ಲಾಂಚಿನ ಮಾತೇ ಮಾತು. ಎಷ್ಟು ಚೆನ್ನಾದ ಫೋಟೊಗಳು! ಬಸ್ಸು, ಜೀಪು, ದನ, ಮದುವೆ ದಿಬ್ಬಣ ಎಲ್ಲ ಒಂದೇ ಲಾಂಚಿನ ಮೇಲೆ. ಬೇರೆ ದಿನವಾಗಿದ್ದರೆ ನಾನೂ ಗಂಟೆಗಟ್ಟಲೆ ಕೂತು ನೋಡುತ್ತಿದ್ದೆ. ಆದರೆ ಹುಡುಗನ ಮೆಸೇಜು ಅದರ ಕೆಳಗೆ ಹೂತುಹೋಯಿತು. ಹೊಸ ಸೊಸೆ ಲಾಂಚಿನಲ್ಲಿ ವಾಂತಿ ಮಾಡಿಕೊಂಡದ್ದು, ಕೊನೆಯ ಲಾಂಚು ತಪ್ಪಿ ದಡದಲ್ಲೇ ರಾತ್ರಿ ಕಳೆದದ್ದು, ಮೂವತ್ತು ಮೆಸೇಜು ಅದೇ ಆಯಿತು.

ಅಷ್ಟರಲ್ಲಿ ದೊಡ್ಡಪ್ಪ ಮತ್ತೆ ಬಂದರು.

ಭದ್ರಾವತಿ ದೊಡ್ಡಪ್ಪ: ಮುಳುಗಡೆಯಾದಾಗ ನಮಗೆ ಯಾರು ದಾರಿ ತೋರಿಸಿದರು? ನಮ್ಮ ಕಾಲ ಮೇಲೆ ನಾವು ನಿಂತೆವು.

ಹೊಸನಗರ ಭಾವ: ನನಗೂ ಅದೇ ಮಾತು ಹೇಳಿದ್ದಿರಿ ಮಾವಯ್ಯ. 1988ರಲ್ಲಿ ಡಿಪ್ಲೊಮಾ ಮುಗಿಸಿ ನಿಮ್ಮ ಮನೆ ಬಾಗಿಲಿಗೆ ಬಂದಿದ್ದೆ. ಕೆಲಸ ಕೊಡಿಸಿ ಅನ್ನಲಿಲ್ಲ. ಯಾರನ್ನು ಕಾಣಬೇಕು ಅಂತ ಮಾತ್ರ ಕೇಳಿದ್ದೆ. ಊಟ ಹಾಕಿ ಕಳಿಸಿದಿರಿ.

ಭದ್ರಾವತಿ ದೊಡ್ಡಪ್ಪ: ಊಟ ಹಾಕಿದ್ದೂ ತಪ್ಪಾಯಿತಾ?

ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮಾತು ಭಾವನ ಎದೆಯಲ್ಲಿ ಕೂತಿದೆ ಅಂತ ನಮಗೆಲ್ಲ ಗೊತ್ತಿತ್ತು. ಇಬ್ಬರೂ ಎದುರು ಸಿಕ್ಕಾಗ ಅಡಿಕೆ ರೇಟು ಮಾತಾಡಿ ಏಳುತ್ತಿದ್ದರು. ಅವತ್ತು ನಲವತ್ತು ಜನರ ಎದುರಿಗೆ ಬಂತು. ಅಕ್ಕ ನಡುವೆ ಬಂದು ಕೈ ಮುಗಿದ ಚಿತ್ರ ಹಾಕಿದಳು. ದೊಡ್ಡಪ್ಪನ ಮೊಮ್ಮಗಳು, ಪಾಪ, 'ಅಜ್ಜ, ಸಾಕು ಬಿಡಿ' ಅಂತ ಎರಡು ಸಲ ಬರೆದಳು.

ಆಗ ನಾನು ಬರೆದೆ. ಇಷ್ಟು ಹೊತ್ತು ಸುಮ್ನೆ ಇದ್ದದ್ದೇ ತಪ್ಪು ಅನ್ನಿಸಿತ್ತು.

"ದೊಡ್ಡಪ್ಪ, ನೀವು ಹಿರಿಯರು, ಆದರೂ ಹೇಳುತ್ತೇನೆ. ನಮಗೆ ದಾರಿ ತೋರಿಸಿದವರು ಇದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನಿಗೆ ಸಹಿ ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. ಪರಿಹಾರದ ಅರ್ಜಿ ಬರೆದುಕೊಟ್ಟದ್ದು ಸಾಗರದ ಆ ಮೇಷ್ಟರು. ಯಾವ ಕಚೇರಿ, ಯಾವ ಮೇಜು, ಯಾವ ಕಾಗದ ಮೊದಲು, ಎಲ್ಲ ಕಲಿಸಿದ್ದು ಅವರು. ನೀವು ಭದ್ರಾವತಿಗೆ ಬಂದಾಗ ಜಗಲಿಯಲ್ಲಿ ಆರು ತಿಂಗಳು ಮಲಗಲು ಜಾಗ ಕೊಟ್ಟದ್ದೂ ಅವರ ಅಳಿಯ. ಇದನ್ನು ನನಗೆ ಹೇಳಿದ್ದು ನೀವೇ, ಅಪ್ಪನ ತಿಥಿಯ ದಿನ. ಅವರು ಅವತ್ತು ನಮಗೆ ಮಾಡಿದ್ದನ್ನೇ ಆ ಫಿಲಿಪೀನ್ಸ್ ಹೆಂಗಸು ನಮ್ಮ ಹುಡುಗನಿಗೆ ಮಾಡಿದ್ದಾರೆ. ದುಡ್ಡಲ್ಲ, ಶಿಫಾರಸಲ್ಲ. ಹೊಸ ಜಾಗದಲ್ಲಿ ಯಾವ ಬಾಗಿಲು ಎಲ್ಲಿದೆ ಅಂತ ಹೇಳುವುದು. ಭಾವ ಕೇಳಿದ್ದೂ ಅಷ್ಟೇ. ದಯವಿಟ್ಟು ಎಲ್ಲರೂ ಮೇಲೆ ಹೋಗಿ 8:40ರ ಮೆಸೇಜು ಓದಿ."

ಕೆಳಗೆ ಹುಡುಗನ ಬರಹವನ್ನು ಮತ್ತೊಮ್ಮೆ ಹಾಕಿದೆ.

ಮೂರು ಹೆಬ್ಬೆಟ್ಟು ಬಂದವು. ದೊಡ್ಡಪ್ಪ ಏನೂ ಬರೆಯಲಿಲ್ಲ. ಭಾವ 'ನೀನು ಯಾವಾಗಲೂ ನ್ಯಾಯ ಮಾತಾಡ್ತೀಯ' ಅಂದರು. ಅದು ನನ್ನ ಬಗ್ಗೆ. ಹುಡುಗನ ಬಗ್ಗೆ ಒಂದು ಮಾತಿಲ್ಲ. ತುಮರಿಯ ಅತ್ತೆ ಮಗ ಆ ಮೇಷ್ಟರ ಮನೆ ಎಲ್ಲಿತ್ತು ಅಂತ ಕೇಳಿದ. ಅದರ ಮೇಲೆ ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ಸಾಗರದ ಬಸ್‌ಸ್ಟ್ಯಾಂಡ್ ಹಿಂದೆ ಅಂತ ಕೆಲವರು, ಅಲ್ಲ ಅಂತ ಕೆಲವರು.

ಭಾವನ ಮಗಳು ಬ್ರ್ಯಾಂಪ್ಟನ್‌ಗೆ ಫೋನ್ ಮಾಡಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಅವಳದು ಕಂಪ್ಯೂಟರ್ ಓದು, ಲೈಸೆನ್ಸಿನ ತೊಡಕಿಲ್ಲ. ಬಯೋಡೇಟಾದಿಂದ ಅಪ್ಪನ ಹೆಸರು ತೆಗೆಯಬೇಕು ಅಂದದ್ದಕ್ಕೆ ಭಾವನಿಗೆ ಸ್ವಲ್ಪ ಬೇಜಾರಾಗಿದೆಯಂತೆ.

ರಾತ್ರಿ ಒಂಬತ್ತಕ್ಕೆ ಸಾಗರದಿಂದ ತಂಗಿಯ ಫೋನು. ಇಡೀ ದಿನ ಗ್ರೂಪಿನಲ್ಲಿ ಅವಳು ಒಂದಕ್ಷರ ಬರೆದಿರಲಿಲ್ಲ. ಜೋರು ಮಳೆ, ಅವಳ ದನಿ ಸರಿಯಾಗಿ ಕೇಳುತ್ತಿರಲಿಲ್ಲ.

"ಅಕ್ಕಾ, ಆ ಗೋದಾಮಿನಲ್ಲಿ ರಾತ್ರಿ ಚಳಿಗೆ ಏನು ಹಾಕಿಕೊಳ್ಳುತ್ತಿದ್ದನೋ?"

ನನಗೆ ಗೊತ್ತಿಲ್ಲ, ಅವನನ್ನೇ ಕೇಳು, ಅಲ್ಲಿ ಈಗ ಬೆಳಗ್ಗೆ, ಎದ್ದಿರುತ್ತಾನೆ ಅಂದೆ.