ಎಸ್‌ಎಎಸ್ (ಸೂಪರ್‌ಕ್ರಿಟಿಕಲ್ ಆಂಟಿಸಾಲ್ವೆಂಟ್) ವಿಧಾನದ ಪುಡಿ ಸಣ್ಣದಾಯಿತು, ಆದರೂ ಕಚ್ಚಾ ಔಷಧಕ್ಕಿಂತ ನಿಧಾನ ಕರಗುತ್ತಿದೆ. ಯಾಕೆ?

ಪುಡಿಪಯಣ:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಗ್ರಿಸಿಯೋಫಲ್ವಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಡಿಸಿಎಂ (ಡೈಕ್ಲೋರೋಮೀಥೇನ್) ದ್ರಾವಕದಲ್ಲಿ ಕರಗಿಸಿ ಸೂಪರ್‌ಕ್ರಿಟಿಕಲ್ ಸಿಒ2 (ಹೆಚ್ಚು ಒತ್ತಡದಲ್ಲಿ ಅನಿಲ, ದ್ರವ ಎರಡರ ಗುಣವೂ ಇರುವ ಇಂಗಾಲದ ಡೈಆಕ್ಸೈಡ್) ಒಳಕ್ಕೆ ಸಿಂಪಡಿಸುತ್ತಿದ್ದೇನೆ. ಡಿಸಿಎಂ ಅದರಲ್ಲಿ ಬೆರೆತುಹೋಗಿ ಔಷಧ ಪುಡಿಯಾಗಿ ಉಳಿಯುತ್ತದೆ. 40 ಡಿಗ್ರಿ, 100 ಬಾರ್. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ಕಣಗಳು 2-3 ಮೈಕ್ರಾನ್, ಬಿಡಿಬಿಡಿಯಾಗಿವೆ. ಕಚ್ಚಾ ಮಾಲು 20 ಮೈಕ್ರಾನ್ ದಾಟಿದ್ದು. ಆದರೂ ಡಿಸೊಲ್ಯೂಶನ್‌ನಲ್ಲಿ (ಕರಗುವ ವೇಗದ ಪರೀಕ್ಷೆ) 30 ನಿಮಿಷಕ್ಕೆ ಕಚ್ಚಾ ಮಾಲೇ ಮುಂದೆ! ನಾಲ್ಕು ಬ್ಯಾಚ್ ಮಾಡಿದೆ, ನಾಲ್ಕೂ ಹೀಗೇ. ಮೇಲ್ಮೈ ಹೆಚ್ಚಾದರೆ ಬೇಗ ಕರಗಬೇಕು ತಾನೆ? ದಯವಿಟ್ಟು ಯಾರಾದರೂ ಹೇಳಿ.

ಸೂಜಿರಂಧ್ರ:
ಸಿಂಪಡಿಸುವ ನಾಜಲ್‌ನ ರಂಧ್ರ ಎಷ್ಟು ಮೈಕ್ರಾನ್? ನೂರಕ್ಕಿಂತ ದೊಡ್ಡದಿದ್ದರೆ ಬದಲಿಸಿ. ಹನಿ ದಪ್ಪವಾದರೆ ಗ್ರಿಸಿಯೋಫಲ್ವಿನ್ ಉದ್ದ ಸೂಜಿಯಾಗಿ ಬೆಳೆಯುತ್ತದೆ.

ಪುಡಿಪಯಣ:
100 ಮೈಕ್ರಾನೇ. ಕಣಗಳು ಬಿಡಿಬಿಡಿ ಅಂದೆನಲ್ಲ, ಸೂಜಿ ಕಾಣಲಿಲ್ಲ ಸರ್.

ಸೂಜಿರಂಧ್ರ:
ಒಂದು ಫೋಟೋದಲ್ಲಿ ಕಾಣದಿದ್ದರೆ ಇಲ್ಲ ಅಂತಲ್ಲ. 50ಕ್ಕೆ ಇಳಿಸಿ ನೋಡಿ. ನಾನು ಕಿಟಕಿ ಇರುವ ಪಾತ್ರೆಯಲ್ಲಿ ಸಿಂಪಡಣೆಯನ್ನು ಕಣ್ಣಾರೆ ನೋಡುತ್ತೇನೆ. ಎರಡೂ ಕಡೆ ನೀಲಮಣಿ ಗಾಜು, ಹಿಂದಿನಿಂದ ಬೆಳಕು. ಜೆಟ್ ಒಡೆಯುವುದು ಹೊಗೆಯ ಎಳೆಯ ಹಾಗೆ ಕಾಣುತ್ತದೆ. ಒಮ್ಮೆ ನೋಡಿದವರು ಉಕ್ಕಿನ ಮುಚ್ಚಿದ ಪಾತ್ರೆಗೆ ಮತ್ತೆ ಹೋಗುವುದಿಲ್ಲ.

ಹಿಮಪಾತ:
ಡಿಸಿಎಂ ಯಾಕೆ ಬೇಕು? ಆರ್‌ಇಎಸ್‌ಎಸ್ ಮಾಡಿ, ಅಂದರೆ ಔಷಧವನ್ನು ಸಿಒ2ನಲ್ಲೇ ಕರಗಿಸಿ ಒತ್ತಡವನ್ನು ಥಟ್ಟನೆ ಇಳಿಸಿ, ದ್ರಾವಕದ ರಗಳೆಯೇ ಇಲ್ಲ. 1879ರಲ್ಲೇ ಹ್ಯಾನೇ ಮತ್ತು ಹೊಗಾರ್ತ್ ಒತ್ತಡ ಇಳಿಸಿದಾಗ ಘನವಸ್ತು ಹಿಮದಂತೆ ಉದುರುವುದನ್ನು ಕಂಡಿದ್ದರು.

ಸೂಜಿರಂಧ್ರ:
ಗ್ರಿಸಿಯೋಫಲ್ವಿನ್ ಬರೀ ಸಿಒ2ನಲ್ಲಿ ಕರಗುವುದು ತೀರಾ ಕಡಿಮೆ. ಕರಗದ್ದನ್ನು ಉದುರಿಸುವುದು ಹೇಗೆ? ಅವರು ಕೇಳಿದ್ದಕ್ಕೆ ಉತ್ತರ ಕೊಡಿ.

ಹಿಮಪಾತ:
ಕರಗಲು ನೆರವಾಗುವ ಕೋ-ಸಾಲ್ವೆಂಟ್ (ಸಹದ್ರಾವಕ) ಅಂತ ಒಂದಿದೆ. ನಾಜಲ್ ಬಿಟ್ಟು ನೀವೂ ಬೇರೆ ಉತ್ತರ ಕೊಟ್ಟಿಲ್ಲ.

ಪುಡಿಪಯಣ:
50 ಹಾಕಿ ಐದನೇ ಬ್ಯಾಚ್ ಮಾಡಿದೆ. ನಾಜಲ್ ಎರಡು ಸಲ ಕಟ್ಟಿಕೊಂಡಿತು, ಫಲಿತಾಂಶ ಅದೇ. ಇನ್ನೊಂದು: ಈ ಸಲ ಫಿಲ್ಟರ್ ಮೇಲಿನ ಪದರ ಕೆರೆದರೆ ಹಪ್ಪಳದ ಹಾಗೆ ಚೂರಾಗಿ ಎದ್ದಿತು. ಮೊದಲೂ ಹೀಗೇ ಇತ್ತು, ಒರಳಿನಲ್ಲಿ ಅರೆದು ಹಾಕುತ್ತಿದ್ದೆ.

ತಳದಪದರ:
ಇದನ್ನು ಮೊದಲೇ ಹೇಳಬೇಕಿತ್ತು. ಎರಡು ಪ್ರಶ್ನೆ. ಎಸ್‌ಇಎಂಗೆ ಪುಡಿ ಎಲ್ಲಿಂದ ತೆಗೆದಿರಿ? ಸಿಂಪಡಣೆ ನಿಲ್ಲಿಸಿದ ಮೇಲೆ ಬರೀ ಸಿಒ2 ಎಷ್ಟು ಹೊತ್ತು ಹರಿಸಿದಿರಿ?

ಪುಡಿಪಯಣ:
ಎಸ್‌ಇಎಂಗೆ ಪಾತ್ರೆಯ ಗೋಡೆಯಿಂದ. ಡಿಸೊಲ್ಯೂಶನ್‌ಗೆ ಫಿಲ್ಟರ್‌ನಿಂದ, ಅಲ್ಲೇ ಹೆಚ್ಚು ಸಿಗುವುದು. ತೊಳೆಯುವುದನ್ನು ಎಲ್ಲರೂ ಮಾಡುತ್ತಾರಲ್ಲ ಅಂತ ಬರೆಯಲಿಲ್ಲ. 10 ನಿಮಿಷ, ನಿಮಿಷಕ್ಕೆ 20 ಗ್ರಾಂ. ಪಾತ್ರೆ 500 ಮಿಲಿ.

ತಳದಪದರ:
ಹಾಗಾದರೆ ನೀವು ನೋಡಿದ ಪುಡಿ ಬೇರೆ, ಕರಗಿಸಿದ ಪುಡಿ ಬೇರೆ. ಲೆಕ್ಕ ಹಾಕಿ. 40 ಡಿಗ್ರಿ, 100 ಬಾರ್‌ನಲ್ಲಿ ಸಿಒ2 ಸಾಂದ್ರತೆ ಮಿಲಿಗೆ ಸುಮಾರು 0.63 ಗ್ರಾಂ. ಒಂದು ಪಾತ್ರೆ ತುಂಬಲು 315 ಗ್ರಾಂ ಬೇಕು. ನೀವು ಹರಿಸಿದ್ದು 200. ಒಳಗೆಲ್ಲ ಚೆನ್ನಾಗಿ ಬೆರೆಯುತ್ತದೆ ಅಂತಿಟ್ಟುಕೊಂಡರೆ, ಹೊರಹೋಗುವುದೂ ಬೆರೆತ ಮಿಶ್ರಣವೇ ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಡಿಸಿಎಂ ಒಳಗೇ ಉಳಿಯಿತು. ಒತ್ತಡ ಇಳಿಸುತ್ತಿದ್ದಂತೆ ಆ ಮಿಶ್ರಣ ದ್ರವ, ಅನಿಲ ಎಂದು ಎರಡಾಗಿ ಒಡೆದು, ದ್ರವ ಡಿಸಿಎಂ ತಳಕ್ಕಿಳಿದು ಪುಡಿಯನ್ನು ನೆನೆಸುತ್ತದೆ. ಸಣ್ಣ ಕಣಗಳು ಅದರಲ್ಲೇ ಮತ್ತೆ ಕರಗಿ, ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಅದೇ ನಿಮ್ಮ ಹಪ್ಪಳ. ಒರಳಿನಲ್ಲಿ ಅರೆದರೆ ಚೂರಾಗುತ್ತದೆ, ಮತ್ತೆ 2 ಮೈಕ್ರಾನ್ ಆಗುವುದಿಲ್ಲ.

ಐದು ಪಾತ್ರೆಯಷ್ಟು ಹರಿಸಿದರೆ ಉಳಿಯುವುದು ಶೇ. 1ಕ್ಕಿಂತ ಕಡಿಮೆ. ನಿಮ್ಮ ಹರಿವಿಗೆ 80 ನಿಮಿಷ. ಒತ್ತಡ, ಶಾಖ ಎರಡನ್ನೂ ಇಳಿಸದೆ ಹರಿಸಿ, ಆಮೇಲೆ ನಿಧಾನವಾಗಿ ಬಿಡಿ. ಉಳಿಕೆ ಡಿಸಿಎಂ ಕೂಡ ಪರೀಕ್ಷಿಸಿ. ಐಸಿಎಚ್ (ಔಷಧ ಮಾನದಂಡಗಳ ಅಂತರರಾಷ್ಟ್ರೀಯ ಮಂಡಳಿ) ಮಿತಿ 600 ಪಿಪಿಎಂ (ಹತ್ತು ಲಕ್ಷಕ್ಕೆ 600 ಭಾಗ).

ಸೂಜಿರಂಧ್ರ:
ತೊಳೆಯುವುದು ಸರಿ. ಆದರೂ ನಾಜಲ್ 50ರಲ್ಲೇ ಇರಲಿ.

ಪುಡಿಪಯಣ:
80 ನಿಮಿಷ ಹರಿಸಿದೆ. ಮುಚ್ಚಳ ತೆಗೆದರೆ ಫಿಲ್ಟರ್ ಮೇಲೆ ಹತ್ತಿಯಂಥ ಪುಡಿ, ಕುಂಚ ತಾಕಿದರೆ ಸಾಕು ಏಳುತ್ತದೆ! ತಳದಪದರ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಈ ಸಲ ಗೋಡೆ, ಫಿಲ್ಟರ್ ಎರಡರಿಂದಲೂ ಎಸ್‌ಇಎಂ ತೆಗೆಸಿದೆ, ಎರಡೂ ಒಂದೇ ಥರ. ಡಿಸೊಲ್ಯೂಶನ್‌ನಲ್ಲಿ ಈಗ ಕಚ್ಚಾ ಮಾಲಿಗಿಂತ ಮುಂದಿದೆ, ಆದರೆ ಮೊದಲ 10 ನಿಮಿಷ ಪುಡಿ ನೀರಿನ ಮೇಲೆ ಕೆನೆಯಂತೆ ತೇಲುತ್ತದೆ. ಒದ್ದೆಯೇ ಆಗುವುದಿಲ್ಲ.

ತಳದಪದರ:
ಒದ್ದೆಯಾಗದ ಕಣ ಎಷ್ಟು ಸಣ್ಣದಿದ್ದರೇನು, ನೀರಿಗೆ ಅದರ ಮೇಲ್ಮೈ ಸಿಗುವುದೇ ಇಲ್ಲ. ಕರಗಿಸುವ ಮಾಧ್ಯಮದಲ್ಲಿ ಎಸ್‌ಎಲ್‌ಎಸ್ (ಪುಡಿ ಒದ್ದೆಯಾಗಲು ನೆರವಾಗುವ ಸಾಬೂನಿನಂಥ ವಸ್ತು) ಹಾಕಿದ್ದೀರಾ?

ಪುಡಿಪಯಣ:
ಇಲ್ಲ, ಬರೀ ನೀರು.

ಹಿಮಪಾತ:
ಸಿಂಪಡಿಸುವ ದ್ರಾವಣಕ್ಕೇ ಪಿವಿಪಿ (ನೀರಿನಲ್ಲಿ ಕರಗುವ ಪಾಲಿಮರ್) ಸೇರಿಸಿಬಿಡಿ, ಡಿಸಿಎಂನಲ್ಲಿ ಕರಗುತ್ತದೆ.

ತಳದಪದರ:
ಬೇಡ, ಒಂದು ಸಲಕ್ಕೆ ಒಂದೇ ಬದಲಾವಣೆ. ಪಿವಿಪಿ ಹಾಕಿದರೆ ಔಷಧ ಅಸ್ಫಟಿಕವಾಗಬಹುದು (ಹರಳಿನ ರಚನೆ ಕಳೆದುಕೊಳ್ಳಬಹುದು), ಆಗ ಎಕ್ಸ್‌ಆರ್‌ಡಿ (ಹರಳಿನ ಎಕ್ಸ್-ರೇ ಪರೀಕ್ಷೆ) ಇಲ್ಲದೆ ಏನನ್ನೂ ಹೇಳಲಾಗುವುದಿಲ್ಲ. ಮೊದಲು ಇದೇ ಬ್ಯಾಚನ್ನು ಎಸ್‌ಎಲ್‌ಎಸ್ ಮಾಧ್ಯಮದಲ್ಲಿ ಓಡಿಸಿ, ಕಚ್ಚಾ ಮಾಲನ್ನೂ ಅದರಲ್ಲೇ ಓಡಿಸಿ. ಎರಡು ಗೆರೆಗಳನ್ನೂ ಇಲ್ಲಿ ಹಾಕಿ.

ಪುಡಿಪಯಣ:
ನಾಳೆ ಬೆಳಗ್ಗೆಯೇ ಓಡಿಸುತ್ತೇನೆ.