ಎರಡು ಸಭಾಂಗಣದ ನಡುವೆ ಲೈವ್ ವಿಡಿಯೋ: ಕಡಿಮೆ ಬೆಲೆಗೆ ಯಾವ ಪಿಟಿಝೆಡ್ ಕ್ಯಾಮೆರಾ?

ತುಮಕೂರು ರಂಗಮಿತ್ರ
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರಿನ ಸಣ್ಣ ರಂಗತಂಡ. ಮುಂದಿನ ತಿಂಗಳು ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕ ಇದೆ. ಜಾಗ ಸಾಲದವರಿಗೆ ಒಂದು ಕಿಲೋಮೀಟರ್ ದೂರದ ಕಾಲೇಜಿನ ಸಭಾಂಗಣದಲ್ಲಿ ಪರದೆ ಹಾಕುತ್ತೇವೆ. ನಾಟಕ ಮುಗಿದ ಮೇಲೆ ಅಲ್ಲಿ ಕೂತವರು ಕೇಳುವ ಪ್ರಶ್ನೆಗೆ ನಟರು ಇಲ್ಲಿನ ವೇದಿಕೆಯಿಂದಲೇ ಉತ್ತರ ಕೊಡಬೇಕು. ಕ್ಯಾಮೆರಾ ಹಿಂದೆ ನಿಲ್ಲುವುದಕ್ಕೆ ಜನ ಇಲ್ಲ, ಇರುವವರೆಲ್ಲ ಬಣ್ಣ ಹಚ್ಚುವವರೇ. ಅದಕ್ಕೇ ದೂರದಿಂದ ತಿರುಗಿಸುವ, ಝೂಮ್ ಮಾಡುವ ಪಿಟಿಝೆಡ್ ಕ್ಯಾಮೆರಾ ಮೂರು ತೆಗೆದುಕೊಳ್ಳೋಣ ಅಂತ. ಬಜೆಟ್ ಒಂದು ಲಕ್ಷ, ಅದೂ ದಾನಿಗಳು ಕೊಟ್ಟ ದುಡ್ಡು. ಸಿಸಿಟಿವಿ ಪಿಟಿಝೆಡ್ ತುಂಬಾ ಕಡಿಮೆಗೆ ಸಿಗುತ್ತೆ, ಅದೇ ಸಾಕು ಅಂತ ಅಂಗಡಿಯವರು ಹೇಳುತ್ತಿದ್ದಾರೆ. ನಡೆಯುತ್ತಾ?

ಗುಬ್ಬಿ ವಿಡಿಯೋ
ಸಭಿಕರನ್ನು ತೋರಿಸುವುದಕ್ಕೆ ನಡೆಯುತ್ತೆ ಸರ್, ವೇದಿಕೆಗೆ ಬೇಡ. ನಾಟಕದಲ್ಲಿ ದೃಶ್ಯ ಬದಲಾಗುವಾಗ ಲೈಟ್ ಆರಿಸುತ್ತೀರಲ್ವಾ, ಆಗ ಸಿಸಿಟಿವಿ ರಾತ್ರಿ ಆಯ್ತು ಅಂದುಕೊಂಡು ಕಪ್ಪುಬಿಳುಪಿಗೆ ಹೋಗಿಬಿಡುತ್ತೆ, ಲೈಟ್ ಬಂದ ಮೇಲೆ ಬಣ್ಣ ವಾಪಸ್ ಬರುವಷ್ಟರಲ್ಲಿ ಮೊದಲ ಎರಡು ಮಾತು ಮುಗಿದಿರುತ್ತೆ. ಅದನ್ನು ಸೆಟ್ಟಿಂಗ್‌ನಲ್ಲಿ ಹಗಲಿಗೆ ಕಟ್ಟಿಹಾಕಬಹುದು. ಆದ್ರೆ ಸ್ಪಾಟ್‌ಲೈಟ್ ಕೆಳಗೆ ನಿಂತವರ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗುತ್ತೆ. ಸುತ್ತ ಕತ್ತಲು ಇರುವುದರಿಂದ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸುತ್ತೆ ನೋಡಿ. ಎಕ್ಸ್‌ಪೋಷರ್ ಕೈಯಿಂದ ಹಿಡಿಯಲು ಬಿಡುವ ಕ್ಯಾಮೆರಾನೇ ಬೇಕು.

ಮೂರು ಬೇಡ. ಒಂದೇ ಒಂದು ಒಳ್ಳೆಯ ಪಿಟಿಝೆಡ್ ತಗೊಳ್ಳಿ, 20 ಪಟ್ಟು ಆಪ್ಟಿಕಲ್ ಝೂಮ್ ಇರುವುದು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಡಿಜಿಟಲ್ ಝೂಮ್ ಲೆಕ್ಕಕ್ಕೆ ಬೇಡ, ಅದು ಇರುವ ಚಿತ್ರವನ್ನೇ ಎಳೆದು ದೊಡ್ಡದು ಮಾಡುವುದು ಅಷ್ಟೇ. ಪಿಓಇ ಇದ್ದರೆ ಕರೆಂಟ್, ಚಿತ್ರ, ಕಂಟ್ರೋಲ್ ಮೂರೂ ಒಂದೇ ಕ್ಯಾಟ್-6 ನೆಟ್‌ವರ್ಕ್ ಕೇಬಲ್‌ನಲ್ಲಿ 100 ಮೀಟರ್ ತನಕ ಹೋಗುತ್ತೆ. ಎಚ್‌ಡಿಎಂಐ ಕೇಬಲ್ ಹಾಲ್ ಹಿಂಬದಿಯಿಂದ ಎಳೆಯಲು ಹೋಗಬೇಡಿ, 15 ಮೀಟರ್ ದಾಟಿದರೆ ಚಿತ್ರ ನೆಚ್ಚುವ ಹಾಗಿಲ್ಲ. ವೇದಿಕೆ ಪೂರ್ತಿ ಕಾಣುವ ಹಾಗೆ ಯಾರದಾದರೂ ಹ್ಯಾಂಡಿಕ್ಯಾಮ್ ಸ್ಟ್ಯಾಂಡ್ ಮೇಲೆ ಇಟ್ಟುಬಿಡಿ. ಕಂಪ್ಯೂಟರ್‌ನಲ್ಲಿ ಓಬಿಎಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಎರಡರ ನಡುವೆ ಬದಲಾಯಿಸಬಹುದು, ಅದು ಉಚಿತ. ಇನ್ನೊಂದು ಮಾತು, ನಮ್ಮ ಕರೆಂಟ್ 50 ಹರ್ಟ್ಸ್. ಕ್ಯಾಮೆರಾನ 25 ಫ್ರೇಮ್, 50ನೇ ಒಂದು ಸೆಕೆಂಡ್ ಷಟರ್‌ಗೆ ಇಡಿ. ಇಲ್ಲದಿದ್ದರೆ ಕೆಲವು ಲೈಟ್ ಮಿಣುಕುತ್ತವೆ.

ಕೇಬಲ್ ಅಣ್ಣ
ಕ್ಯಾಮೆರಾ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನ ಚಿಂತೆ ಆ ಒಂದು ಕಿಲೋಮೀಟರ್‌ದು. ದಯವಿಟ್ಟು ಮೊಬೈಲ್ ಡೇಟಾ ನಂಬಬೇಡಿ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಇರುತ್ತೆ, ಸಂಜೆ ಜನ ತುಂಬಿ ಎಲ್ಲರೂ ಫೋನ್ ತೆಗೆದ ಮೇಲೆ ಅಪ್‌ಲೋಡ್ ಕುಸಿಯುತ್ತೆ. ಎರಡೂ ಕಟ್ಟಡದ ತಾರಸಿ ಒಂದಕ್ಕೊಂದು ಕಾಣುವ ಹಾಗಿದ್ದರೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಬ್ರಿಡ್ಜ್ ಒಂದು ಜೊತೆ ಹಾಕಿ. ಹಳ್ಳಿಗಳಿಗೆ ಇಂಟರ್ನೆಟ್ ಕೊಡುವವರು ಇಡುವ ಪುಟ್ಟ ಡಿಶ್ ಅದೇ. ಒಂದು ಕಿಲೋಮೀಟರ್ ಅದಕ್ಕೆ ಏನೂ ಅಲ್ಲ. ನಡುವೆ ಮರದ ಎಲೆ ಮಾತ್ರ ಬರಬಾರದು.

ನೆಟ್‌ವರ್ಕ್ ಮೇಲೆ ವಿಡಿಯೋ ಕಳಿಸುವುದಕ್ಕೆ ಎನ್‌ಡಿಐ, ಎಸ್‌ಆರ್‌ಟಿ ಅಂತ ಎರಡು ವಿಧಾನ ಇವೆ. ಈ ಲಿಂಕ್ ಮೇಲೆ ಎನ್‌ಡಿಐ ಪೂರ್ತಿ ಕಳಿಸಲು ಹೋಗಬೇಡಿ, ಫುಲ್ ಎಚ್‌ಡಿಗೆ ಅದು 100 ಎಂಬಿಪಿಎಸ್ ಆಸುಪಾಸು ತಿನ್ನುತ್ತೆ. ಎಸ್‌ಆರ್‌ಟಿಯಲ್ಲಿ ಕಳಿಸಿ, 6ರಿಂದ 8 ಎಂಬಿಪಿಎಸ್ ಸಾಕು, ದಾರಿಯಲ್ಲಿ ಬಿಟ್ಟುಹೋದ ತುಣುಕನ್ನು ಅದೇ ಮತ್ತೆ ಕೇಳಿ ತರಿಸಿಕೊಳ್ಳುತ್ತೆ. ನಾಟಕ ಒಂದು ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗಲ್ಲ, ಪ್ರಶ್ನೋತ್ತರದಲ್ಲಿ ಮಾತ್ರ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವ ಹಾಗಾಗುತ್ತೆ. ಯೂಟ್ಯೂಬ್ ಲೈವ್ ಅಂತೂ ಹತ್ತಾರು ಸೆಕೆಂಡ್ ಹಿಂದೆ ಬೀಳಬಹುದು, ಸಂವಾದಕ್ಕೆ ಬೇಡವೇ ಬೇಡ.

ಸಿರಾ ಸೌಂಡ್
ಯಾರೂ ಧ್ವನಿ ಬಗ್ಗೆ ಹೇಳಲಿಲ್ಲ. ಚಿತ್ರ ಒಂದು ಕ್ಷಣ ನಿಂತರೆ ಜನ ಕಾಯುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ಮೈಕ್ ಮುಟ್ಟಬೇಡಿ, ಸೌಂಡ್ ಮಿಕ್ಸರ್‌ನ ಆಕ್ಸ್ ಔಟ್‌ನಿಂದ (ಬೇಕಾದ ದನಿಗಳನ್ನಷ್ಟೇ ಬೇರೆಯಾಗಿ ಹೊರಗೆ ಕೊಡುವ ದಾರಿ) ಲೈನ್ ತಗೊಳ್ಳಿ. ಕಾಲೇಜಿನಿಂದ ಬಂದ ದನಿ ಆ ಆಕ್ಸ್‌ನಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಪ್ರಶ್ನೆ ಕೇಳುವವರಿಗೆ ಅವರದೇ ಮಾತು ಅರ್ಧ ಸೆಕೆಂಡ್ ಬಿಟ್ಟು ಸ್ಪೀಕರ್‌ನಲ್ಲಿ ಕೇಳಿ ಮಾತೇ ನಿಂತುಹೋಗುತ್ತೆ. ಹಾಗೇ ಚಿತ್ರಕ್ಕೂ ಧ್ವನಿಗೂ ತಾಳೆ ಇದೆಯಾ ನೋಡಲು ವೇದಿಕೆ ಮೇಲೆ ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಲಿ. ಪರದೆಯಲ್ಲಿ ಶಬ್ದ ಮೊದಲು, ಕೈ ಆಮೇಲೆ ಸೇರಿದರೆ ಓಬಿಎಸ್‌ನಲ್ಲಿ ಧ್ವನಿಯನ್ನು ಅಷ್ಟು ಮಿಲಿಸೆಕೆಂಡ್ ತಡ ಮಾಡಿ.

ತುಮಕೂರು ರಂಗಮಿತ್ರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಪಿಟಿಝೆಡ್, ಒಂದು ಹ್ಯಾಂಡಿಕ್ಯಾಮ್, ಉಳಿದ ದುಡ್ಡು ಬ್ರಿಡ್ಜ್‌ಗೆ ಅಂತ ತೀರ್ಮಾನ ಮಾಡಿದೆವು. ಕೇಬಲ್ ಅಣ್ಣ, ಕಾಲೇಜಿನ ತಾರಸಿಯಲ್ಲಿ ನೀರಿನ ಟ್ಯಾಂಕ್ ಅಡ್ಡ ಬರುತ್ತೆ. ಏನು ಮಾಡಲಿ?

ಕೇಬಲ್ ಅಣ್ಣ
ಜಿಐ ಪೈಪ್‌ಗೆ ಕಟ್ಟಿ ಟ್ಯಾಂಕ್‌ಗಿಂತ ನಾಲ್ಕು ಅಡಿ ಮೇಲೆ ಎತ್ತಿ, ಮೂರು ಕಡೆಯಿಂದ ತಂತಿ ಬಿಗಿಯಿರಿ. ಗಾಳಿಗೆ ಅಲ್ಲಾಡಬಾರದು. ಕಾರ್ಯಕ್ರಮಕ್ಕೆ ಮೂರು ದಿನ ಮುಂಚೆಯೇ ಹಾಕಿ ಆನ್ ಮಾಡಿಯೇ ಬಿಡಿ. ಎರಡೂ ಕಡೆ ಯುಪಿಎಸ್ ಇರಲಿ.